ಒಂದೂವರೆ ನಿಮಿಷ ನನ್ನದಲ್ಲ

ನನ್ನ ಡಿಪ್ಲೊಮಾ ಚಿತ್ರದ ಅವಧಿ 14 ನಿಮಿಷ. ಅದರಲ್ಲಿ ಕಣ್ಣಿಟ್ಟು ನೋಡುವಂಥದ್ದು ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷವನ್ನು ಚಿತ್ರೀಕರಿಸಿದವಳು ಡೊಂಬಿವಲಿಯ ನನ್ನ ಚಿಕ್ಕಮ್ಮನ ಮಗಳು. ಚಿತ್ರದ ಕೊನೆಯಲ್ಲಿ ಕಥೆ, ಛಾಯಾಗ್ರಹಣ, ಸಂಕಲನ, ನಿರ್ದೇಶನ ಎಂದು ಒಂದರ ಕೆಳಗೊಂದು ಮೂಡುತ್ತದೆ. ನಾಲ್ಕಕ್ಕೂ ನನ್ನದೊಂದೇ ಹೆಸರು. ತಂಗಿಯ ಹೆಸರು ಅದರ ನಂತರ ಬರುವ 'ವಿಶೇಷ ಧನ್ಯವಾದ'ಗಳ ಪಟ್ಟಿಯಲ್ಲಿದೆ, ಕ್ಯಾಮೆರಾ ಬಾಡಿಗೆಗೆ ಕೊಟ್ಟವನಿಗೂ ನಮ್ಮ ಬೀದಿಯ ವಡಾಪಾವ್ ಅಂಗಡಿಯವನಿಗೂ ನಡುವೆ.

ನಾನು ಕುಂದಾಪುರದ ಕಡೆಯವನು. ನಮ್ಮ ಕಡೆಯವರು ಮುಂಬಯಿ ಬಸ್ಸು ಹತ್ತುವುದೇನೂ ಹೊಸತಲ್ಲ. ಹಿಂದಿನವರು ಹೋಟೆಲಿಗೆ ಬಂದರು, ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಎಸ್ಸೆಸ್ಸಿ ಮುಗಿಸಿದರು. ನನ್ನ ಚಿಕ್ಕಪ್ಪ ಆ ತಲೆಮಾರಿನ ಕೊನೆಯ ಸಾಲಿನವರು. ಮಾಟುಂಗದ ಹೋಟೆಲೊಂದರಲ್ಲಿ ಕ್ಲೀನರ್ ಆಗಿ ಸೇರಿ, ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಿವೃತ್ತರಾದರು. ಸಿನಿಮಾ ಕಲಿಯಲಿಕ್ಕೆಂದು ಮುಂಬಯಿಗೆ ಬಂದ ಹುಡುಗ ನಮ್ಮ ಮನೆತನದಲ್ಲಿ ನಾನೇ ಮೊದಲು. ಆ ಹಮ್ಮು ನನಗೆ ಇತ್ತು. ಹಾಸ್ಟೆಲಿಗೆ ಕೊಡಲು ದುಡ್ಡಿರಲಿಲ್ಲ, ಡೊಂಬಿವಲಿ ಪೂರ್ವದ ಚಿಕ್ಕಮ್ಮನ ಮನೆಯ ಹೊರಗಿನ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡೆ.

ಚಿಕ್ಕಮ್ಮ ದೋಸೆ ಇಡ್ಲಿ ಹಿಟ್ಟು ಕಡೆದು ಮಾರುತ್ತಾರೆ. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಏಳುವುದು, ಅಕ್ಕಿ ಉದ್ದು ತೊಳೆದು ನೆನೆಹಾಕುವುದು, ಮಧ್ಯಾಹ್ನ ಗ್ರೈಂಡರಿಗೆ ಹಾಕುವುದು, ಸಂಜೆ ಉಪ್ಪು ಬೆರೆಸಿ ಕಿಲೋ ಕಿಲೋ ಪ್ಯಾಕೆಟ್ ಮಾಡುವುದು. ಕೊಳ್ಳುವವರು ಆ ಬಿಲ್ಡಿಂಗಿನವರು, ಪಕ್ಕದ ಎರಡು ಬಿಲ್ಡಿಂಗಿನವರು, ಮರಾಠಿಗರು, ಗುಜರಾತಿಗಳು, ಒಂದಿಬ್ಬರು ತಮಿಳರು. ಶನಿವಾರ ಸಂಜೆ ದೊಡ್ಡ ವ್ಯಾಪಾರ, ಯಾಕೆಂದರೆ ಭಾನುವಾರ ಬೆಳಗ್ಗೆ ಎಲ್ಲರ ಮನೆಯಲ್ಲೂ ಇಡ್ಲಿ.

ಇಷ್ಟೆಲ್ಲ ದಿನವೂ ನನ್ನ ಕಣ್ಣೆದುರೇ ನಡೆಯುತ್ತಿತ್ತು. ಅದು ನನಗೆ ಕಾಣತೊಡಗಿದ್ದು ಮಾತ್ರ ಬೆಲ್ಜಿಯಂನ ಸಿನಿಮಾವೊಂದನ್ನು ನೋಡಿದ ಮೇಲೆ.

ಶಾಂತಾಲ್ ಅಕೆರ್ಮಾನ್ 1975ರಲ್ಲಿ ಮಾಡಿದ 'ಜಾನ್ ಡೀಲ್‌ಮನ್'. ಅದರ ಪೂರ್ತಿ ಶೀರ್ಷಿಕೆಯಲ್ಲಿ ಮನೆ ನಂಬರು, ಬೀದಿ, ಪಿನ್‌ಕೋಡು, ಬ್ರಸೆಲ್ಸ್ ಊರು ಎಲ್ಲವೂ ಇವೆ, ಅಂಚೆಯವನಿಗೆ ಕೊಟ್ಟರೆ ನೇರ ಮುಟ್ಟಿಸಿ ಬರಬಹುದು. 201 ನಿಮಿಷಗಳ ಚಿತ್ರ. ಒಬ್ಬ ವಿಧವೆ, ಹದಿಹರೆಯದ ಒಬ್ಬ ಮಗ, ಮೂರು ದಿನ. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಮಾಡುತ್ತಾಳೆ, ಕೋಣೆಯಿಂದ ಕೋಣೆಗೆ ಹೋಗುವಾಗ ದೀಪ ಆರಿಸುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಹತ್ತಿರ ಹೋಗುವುದಿಲ್ಲ, ಕೆಲಸ ಮುಗಿಯುವವರೆಗೆ ಕಾಯುತ್ತದೆ. ಮಧ್ಯಾಹ್ನಗಳಲ್ಲಿ ಅವಳು ಮನೆಗೆ ಗಂಡಸರನ್ನು ಕರೆಸಿಕೊಂಡು ದುಡ್ಡು ಪಡೆಯುತ್ತಾಳೆ, ಅದೂ ದಿನಚರಿಯ ಒಂದು ಕೆಲಸವೆಂಬಂತೆ. ಎರಡನೆಯ ದಿನ ಒಲೆಯ ಮೇಲಿಟ್ಟ ಆಲೂಗಡ್ಡೆ ಹದ ಮೀರಿ ಬೆಂದುಹೋಗುತ್ತದೆ. ಅಷ್ಟೇ. ಅಲ್ಲಿಂದ ಅವಳ ಬದುಕಿನ ಲಯ ಒಂದೊಂದೇ ಕಡೆ ಬಿರುಕು ಬಿಡುತ್ತಾ ಹೋಗುತ್ತದೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಮಾಡುವ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 2022ರಲ್ಲಿ ಇದು ಮೊದಲ ಸ್ಥಾನಕ್ಕೆ ಬಂತು. ಹೆಂಗಸೊಬ್ಬಳು ನಿರ್ದೇಶಿಸಿದ ಚಿತ್ರ ಆ ಸ್ಥಾನಕ್ಕೆ ಏರಿದ್ದು ಅದೇ ಮೊದಲು.

ಆ ಬೆಂದುಹೋದ ಆಲೂಗಡ್ಡೆಯ ಬಗ್ಗೆ ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದೆ. ಒಳ್ಳೆಯ ಅಂಕವೂ ಬಂತು. ಆ ಅಂಕವೇ ನನ್ನನ್ನು ಕೆಡಿಸಿತೆಂದು ಈಗ ಅನ್ನಿಸುತ್ತದೆ. ಡೊಂಬಿವಲಿಯಲ್ಲೇ ನನ್ನ ಜಾನ್ ಡೀಲ್‌ಮನ್ ಇದ್ದಾರೆ, ಅಡುಗೆಮನೆ ಬಾಡಿಗೆಯಿಲ್ಲದೆ ಸಿಗುತ್ತದೆ, ಇನ್ನೇನು ಬೇಕು ಎಂದು ಕ್ಯಾಮೆರಾ ತಂದೆ.

ಮೊದಲು ಬದಲಾಯಿಸಿದ್ದು ಚಿಕ್ಕಮ್ಮನ ಉಡುಪನ್ನು. ಮನೆಯಲ್ಲಿ ಅವರು ನೈಟಿ ತೊಟ್ಟು, ಹೆಗಲ ಮೇಲೊಂದು ಬೈರಾಸು ಹಾಕಿಕೊಂಡಿರುತ್ತಾರೆ. ಮುಂಬಯಿಯ ಯಾವ ಬಿಲ್ಡಿಂಗಿನ ಯಾವ ಮಜಲಿನಲ್ಲಿ ಬಾಗಿಲು ತಟ್ಟಿದರೂ ಹಗಲಿನಲ್ಲಿ ತೆರೆಯುವವರ ವೇಷ ಇದೇ. ಆದರೆ ನಾನು ಮೆಚ್ಚಿದ್ದ ಕಲಾತ್ಮಕ ಚಿತ್ರಗಳಲ್ಲಿ ನೈಟಿ ತೊಟ್ಟ ನಾಯಕಿಯನ್ನು ನೋಡಿದ ನೆನಪು ನನಗಿರಲಿಲ್ಲ. ಹತ್ತಿಯ ಸೀರೆ ಉಡಿ ಎಂದೆ. "ಹಿಟ್ಟು ಕಡೆಯಲಿಕ್ಕೆ ಯಾರು ಮಾರಾಯ ಸೀರೆ ಉಡುವುದು? ಸೆರಗು ಗ್ರೈಂಡರಿಗೆ ಸಿಕ್ಕಿದರೆ ನಿನ್ನ ಪಿಕ್ಚರು ಅಲ್ಲಿಗೇ ಮುಗೀತು" ಎಂದರು. ಆದರೂ ಉಟ್ಟರು. ಅಕ್ಕನ ಮಗ, ಓದುವ ಹುಡುಗ, ಬೇಡ ಎನ್ನಲು ಅವರಿಗೆ ಬಾರದು.

ಆಮೇಲೆ ಸದ್ದು. ಗ್ರೈಂಡರು ಗರಗರ ಎನ್ನುತ್ತದೆ, ಮೈಕಿನಲ್ಲಿ ಬೇರೇನೂ ಕೇಳುವುದಿಲ್ಲ. ಅದನ್ನು ನಿಲ್ಲಿಸಿದೆ. ಫ್ರಿಜ್ಜು ಗುಂಯ್‌ಗುಡುತ್ತದೆ, ಅದರ ಸ್ವಿಚ್ಚು ಆರಿಸಿದೆ. ಫ್ಯಾನು ಆರಿಸಿದೆ. ಮೇ ತಿಂಗಳು, ಕಿಟಕಿ ಮುಚ್ಚಿದ ಅಡುಗೆಮನೆ, ಬಾಡಿಗೆಗೆ ತಂದ ಎರಡು ದೀಪಗಳ ಕಾವು ಬೇರೆ. ಎಲ್ಲಕ್ಕಿಂತ ಹೆಚ್ಚು ಕಷ್ಟವಾದದ್ದು ಚಿಕ್ಕಮ್ಮನ ಬಾಯಿ ಮುಚ್ಚಿಸುವುದು. ಅವರು ಕೆಲಸ ಮಾಡುವಾಗ ಫೋನನ್ನು ಸ್ಪೀಕರಿಗೆ ಹಾಕಿ ಅಕ್ಕಿ ಡಬ್ಬಕ್ಕೆ ಒರಗಿಸಿಡುತ್ತಾರೆ. ಆ ಕಡೆ ಕುಂದಾಪುರದಲ್ಲಿ ನನ್ನಮ್ಮ. ಮಾತಿನ ನಡುವೆಯೇ ಬಾಗಿಲಿಗೆ ಬಂದ ಭಾಜಿವಾಲನ ಜೊತೆ ಮರಾಠಿಯಲ್ಲಿ ಚೌಕಾಶಿ, ಎದುರು ಮನೆಯ ಶೆಟ್ಟರ ಹೆಂಡತಿಯ ಜೊತೆ ತುಳು, ನೀರಿನ ಟ್ಯಾಂಕರ್ ಬಂತೆಂದು ಕೂಗುವ ವಾಚ್‌ಮನ್‌ಗೆ ಹಿಂದಿಯಲ್ಲಿ ಜವಾಬು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ನಾಲ್ಕು ಭಾಷೆ ಆಡಿ ಮುಗಿಸುತ್ತಾರೆ. ಅವರಿಗೆ ನಾನು ಹೇಳಿದ್ದು ಇಷ್ಟು: ಮಾತಾಡಬೇಡಿ, ಕ್ಯಾಮೆರಾ ನೋಡಬೇಡಿ, ನಗಬೇಡಿ.

"ಮತ್ತೆ ಉಸಿರು ಬಿಡಬಹುದಾ?" ಎಂದು ಕೇಳಿದರು. ಆ ಮಾತೂ ರೆಕಾರ್ಡ್ ಆಗಿತ್ತು. ಎಡಿಟ್‌ನಲ್ಲಿ ಕತ್ತರಿಸಿದೆ.

ಬೆಳಕಿನ ವಿಷಯದಲ್ಲಿ ನನಗೆ ಬೇರೆಯದೇ ಹುಚ್ಚಿತ್ತು. ಮೈಸೂರಿನ ವಿ. ಕೆ. ಮೂರ್ತಿಯವರು ಗುರುದತ್ತರ 'ಕಾಗಜ್ ಕೆ ಫೂಲ್'ನಲ್ಲಿ ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಸ್ಟುಡಿಯೋದ ಕತ್ತಲೆಗೆ ತಿರುಗಿಸಿ ಇಳಿಸಿದ ಆ ಬೆಳಕಿನ ಕಂಬ ಸಿನಿಮಾ ಓದುವವರಿಗೆಲ್ಲ ಬಾಯಿಪಾಠ. 1959ರ ಆ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವೂ ಹೌದು. ಉಮಾ ರಾವ್ ಅವರು ಮೂರ್ತಿಯವರ ಬಗ್ಗೆ ಬರೆದ ಕನ್ನಡ ಪುಸ್ತಕದ ಹೆಸರೇ 'ಬಿಸಿಲು ಕೋಲು'. ನಾನೂ ಚಿಕ್ಕಮ್ಮನ ಕಪಾಟಿನ ಬಾಗಿಲಿನ ಕನ್ನಡಿ ಕಳಚಿ ಬಾಲ್ಕನಿಯಲ್ಲಿ ಒರಗಿಸಿದೆ. ಎದುರು ಬಿಲ್ಡಿಂಗಿನ ನೆತ್ತಿ ದಾಟಿ ಡೊಂಬಿವಲಿಯ ಸೂರ್ಯ ನಮ್ಮ ಬಾಲ್ಕನಿಗೆ ಬರುವುದು ತುಸು ಹೊತ್ತು ಮಾತ್ರ. ಬೆಳಕು ಸರಿಯಾದಾಗ ಚಿಕ್ಕಮ್ಮನ ಕೈ ಸರಿಯಿಲ್ಲ, ಕೈ ಸರಿಯಾದಾಗ ಬೆಳಕು ಗೋಡೆ ಹತ್ತಿತು. ಮತ್ತೊಂದು ಟೇಕ್, ಮತ್ತೊಂದು ಟೇಕ್. ಉಪ್ಪು ಬೆರೆಸಿ ಹಿಟ್ಟು ಕಲಸುವ ಶಾಟನ್ನು ಬೆಳಕು ಪೂರ್ತಿ ಹೋಗುವವರೆಗೆ ತೆಗೆದೆ. ಅವರು ಕಲಸುತ್ತಲೇ ಇದ್ದರು. ಒಂದೆರಡು ಸಲ ಗಡಿಯಾರದ ಕಡೆ ನೋಡಿದರು. ಗಡಿಯಾರ ನೋಡಬೇಡಿ, ಐಲೈನ್ ತಪ್ಪುತ್ತದೆ ಎಂದೆ.

ಅದು ಶನಿವಾರ. ಆ ಕಾವಿನಲ್ಲಿ, ಫ್ರಿಜ್ಜು ಬೇರೆ ಆರಿಸಿದ್ದರಿಂದ, ಪ್ಯಾಕೆಟ್ಟಿಗೆ ಹೋಗಬೇಕಿದ್ದ ಹಿಟ್ಟು ಪಾತ್ರೆಯಲ್ಲೇ ಉಕ್ಕಿ ಹುಳಿ ಬಂತು. ಭಾನುವಾರದ ಇಡ್ಲಿಯ ಹಿಟ್ಟು ಅಷ್ಟೂ ಹೋಯಿತು. ಮುಂಗಡ ಕೊಟ್ಟವರಿಗೆ ಚಿಕ್ಕಮ್ಮ ದುಡ್ಡು ವಾಪಸು ಮಾಡಿದರು, ಕೆಲವರು ಬೇರೆ ಕಡೆ ಹಿಟ್ಟು ಗೊತ್ತುಮಾಡಿಕೊಂಡರು. ಹುಳಿ ಹಿಟ್ಟಿಗೆ ಈರುಳ್ಳಿ ಮೆಣಸು ಹಾಕಿ ಉತ್ತಪ್ಪ ಹೊಯ್ದು ಬಿಲ್ಡಿಂಗಿನ ಮಕ್ಕಳಿಗೆ ಹಂಚಿದರು. ನನಗೆ ಒಂದು ಬೈಗುಳವೂ ಸಿಗಲಿಲ್ಲ. ನಾನು ಉತ್ತಪ್ಪ ತಿನ್ನುತ್ತಾ ಲ್ಯಾಪ್‌ಟಾಪಿನಲ್ಲಿ ತೆಗೆದ ಶಾಟುಗಳನ್ನು ನೋಡುತ್ತಾ ಕೂತಿದ್ದೆ. ಬ್ರಸೆಲ್ಸಿನ ಅಡುಗೆಮನೆಯಲ್ಲಿ ಬೆಂದುಹೋದ ಆಲೂಗಡ್ಡೆಯಿಂದ ಒಂದು ಬದುಕು ಹೇಗೆ ಕುಸಿಯುತ್ತದೆಂದು ಬರೆದು ಅಂಕ ಪಡೆದವನಿಗೆ, ತನ್ನ ಮೂಗಿನ ನೇರಕ್ಕೇ ಹುಳಿ ಬಂದ ಹಿಟ್ಟು ಕಾಣಲಿಲ್ಲ. ಕಂಡಿದ್ದರೆ ಕ್ಯಾಮೆರಾವನ್ನು ಆ ಪಾತ್ರೆಯ ಕಡೆ ತಿರುಗಿಸುತ್ತಿದ್ದೆ. ಸಿನಿಮಾ ಇದ್ದದ್ದು ಅಲ್ಲಿ.

ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ. ಅಕೆರ್ಮಾನ್ ಚಿತ್ರ ತೀರಾ ಉದ್ದವೆಂದು ಎದ್ದುಹೋಗುವವರಿಗೆ ಈ ಲೆಕ್ಕ ಹೇಳಬೇಕು: ಮೂರು ದಿನಗಳ ಕಥೆ ಹೇಳಲು ಅವಳು ತೆಗೆದುಕೊಂಡದ್ದು ನಮ್ಮ ದೇಶದ ಹೆಂಗಸೊಬ್ಬಳ ಒಂದು ದಿನದ ಮನೆಗೆಲಸಕ್ಕಿಂತ ಒಂದೂವರೆ ತಾಸು ಕಡಿಮೆ ಹೊತ್ತು. ನಾನು ಮಾಡಿದ್ದು ಇದಕ್ಕೂ ವಿಚಿತ್ರ. ಚಿಕ್ಕಮ್ಮನ ಕೆಲಸವನ್ನು ತೋರಿಸುತ್ತೇನೆಂದು ಹೊರಟು ಅವರ ತಲೆಯ ಮೇಲೆ ಇನ್ನೊಂದು ಸಂಬಳವಿಲ್ಲದ ಕೆಲಸ ಹೇರಿದೆ. ಶೂಟಿಂಗಿಗೆ ಬಂದಿದ್ದ ನನ್ನ ಮೂವರು ಸಹಪಾಠಿಗಳಿಗೆ ಊಟ ಹಾಕಿದವರು ಯಾರು? 'ಕಟ್' ಎಂದಮೇಲೆ ಸೀರೆ ಕಳಚಿ ನೈಟಿ ತೊಟ್ಟು ಅವರೇ ಅನ್ನ ಸಾರು ಮಾಡಿದರು.

ನಮ್ಮ ಸಿನಿಮಾದ ಇತಿಹಾಸ ಶುರುವಾಗುವುದೂ ಹೀಗೆಯೇ, ಇದೇ ಊರಿನಲ್ಲಿ. ದಾದಾಸಾಹೇಬ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಗಿರ್‌ಗಾಂವ್‌ನ ಕಾರೊನೇಷನ್ ಥಿಯೇಟರಿನಲ್ಲಿ ತೆರೆಕಂಡಿತು. ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಗದೆ, ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದ ಕಥೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ಫಾಲ್ಕೆಯವರ ದಾದರಿನ ಮನೆಯಲ್ಲಿ ಹೆಂಗಸರು ಇರಲಿಲ್ಲವೆಂದಲ್ಲ. ಅವರ ಹೆಂಡತಿ ಸರಸ್ವತೀಬಾಯಿ ಚಿತ್ರಕ್ಕಾಗಿ ಒಡವೆ ಕೊಟ್ಟರು. ಫಿಲ್ಮಿನ ಅಂಚಿಗೆ ತೂತು ಹೊಡೆಯುವುದನ್ನು ಕಲಿತರು, ಅದನ್ನು ತೊಳೆಯುವ ರಾಸಾಯನಿಕ ಬೆರೆಸಿದರು. ಬಿಸಿಲಿನಲ್ಲಿ ಬಿಳಿ ಬಟ್ಟೆ ಹಿಡಿದು ನಟರ ಮುಖಕ್ಕೆ ಬೆಳಕು ಬಿಟ್ಟರು. ಜೊತೆಗೆ ಇಡೀ ತಂಡಕ್ಕೆ ಅಡುಗೆ. ಲ್ಯಾಬು, ಲೈಟು, ಕ್ಯಾಂಟೀನು, ಫೈನಾನ್ಸು ಎಲ್ಲ ಒಬ್ಬರೇ. ಪರೇಶ್ ಮೋಕಾಶಿಯವರ ಮರಾಠಿ ಚಿತ್ರ 'ಹರಿಶ್ಚಂದ್ರಾಚಿ ಫ್ಯಾಕ್ಟರಿ' 2009ರಲ್ಲಿ ಬರುವವರೆಗೆ ನನ್ನಂಥ ಎಷ್ಟೋ ಜನಕ್ಕೆ ಅವರ ಹೆಸರೂ ಗೊತ್ತಿರಲಿಲ್ಲ. ಹಳೆಯ ಕಾಲ, ಬಿಡಿ ಎನ್ನುವಂತೆಯೂ ಇಲ್ಲ. ಮುಂಬಯಿ ಚಿತ್ರರಂಗದ ಮೇಕಪ್ ಕಲಾವಿದರ ಸಂಘ ಹೆಂಗಸರಿಗೆ ಮೇಕಪ್ ಮಾಡುವ ಸದಸ್ಯತ್ವ ಕೊಡುತ್ತಿರಲಿಲ್ಲ. ತಲೆ ಬಾಚಬಹುದು, ಮುಖ ಮುಟ್ಟುವಂತಿಲ್ಲ. ದಶಕಗಳ ಆ ಕಟ್ಟಳೆಯನ್ನು ಚಾರು ಖುರಾನಾ ಎಂಬ ಕಲಾವಿದೆ ಸುಪ್ರೀಂ ಕೋರ್ಟಿಗೆ ಒಯ್ದು ರದ್ದುಮಾಡಿಸಿದ್ದು 2014ರ ನವೆಂಬರಿನಲ್ಲಿ.

ಇದೆಲ್ಲ ನನಗೆ ಗೊತ್ತಿತ್ತು. ತರಗತಿಯಲ್ಲಿ ಸರಸ್ವತೀಬಾಯಿಯ ಬಗ್ಗೆ ಸೆಮಿನಾರು ಕೊಟ್ಟವನು ನಾನೇ. ಗೊತ್ತಿರುವುದು ಒಂದು, ಮನೆಗೆ ಬಂದು ಬೆಳಕಿಗಾಗಿ ಚಿಕ್ಕಮ್ಮನ ಕೈಗೆ ಬಿಳಿ ಬೆಡ್‌ಶೀಟು ಕೊಟ್ಟು ನಿಲ್ಲಿಸುವುದು ಇನ್ನೊಂದು. ಹೌದು, ಅದನ್ನೂ ಮಾಡಿದೆ.

ಇನ್ನು ತಂಗಿಯ ವಿಷಯ. ಅಡುಗೆಮನೆಯಷ್ಟನ್ನೇ ಇಟ್ಟರೆ ಚಿತ್ರಕ್ಕೆ ಉಸಿರುಗಟ್ಟುತ್ತದೆ, ನಗರ ಬೇಕು ಅನ್ನಿಸಿತು. ಲೇಡೀಸ್ ಡಬ್ಬ ಹೊಳೆಯಿತು. ಪಶ್ಚಿಮ ರೈಲ್ವೆ 1992ರಲ್ಲಿ ಚರ್ಚ್‌ಗೇಟ್ ಬೋರಿವಲಿ ನಡುವೆ ಪೂರ್ತಿ ರೈಲನ್ನೇ ಹೆಂಗಸರಿಗೆ ಬಿಟ್ಟು ಲೇಡೀಸ್ ಸ್ಪೆಷಲ್ ಶುರುಮಾಡಿತು. ಉಳಿದ ಲೋಕಲ್‌ಗಳಲ್ಲಿ ಅವರಿಗೆಂದು ಕೆಲವು ಡಬ್ಬಗಳಿವೆ. ಗಂಡಸು ಹತ್ತಿದರೆ ರೈಲ್ವೆ ಕಾಯ್ದೆಯ 162ನೇ ಕಲಮಿನ ಪ್ರಕಾರ ದಂಡ, ಅದಕ್ಕೂ ಮೊದಲು ಒಳಗಿನವರ ಬಾಯಿ. ರೈಲ್ವೆಯಲ್ಲಿ ಶೂಟಿಂಗಿಗೆ ಅನುಮತಿ ಪಡೆದು ಶುಲ್ಕ ಕಟ್ಟಬೇಕು, ನಾನು ಆ ಗೋಜಿಗೆ ಹೋಗಲಿಲ್ಲ. ತಂಗಿ ಫೋರ್ಟಿನ ಒಂದು ಆಫೀಸಿಗೆ ಹೋಗುತ್ತಾಳೆ, ದಿನವೂ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್. ಅವಳ ಕೈಗೆ ಫೋನು ಕೊಟ್ಟು ಪಾಠ ಹೇಳಿದೆ: ಕಿಟಕಿಯ ಬದಿ ದಣಿದ ಮುಖ ಹಿಡಿ, ಕಂಬಿ ಹಿಡಿದ ಕೈ ಹಿಡಿ, ಬಳೆ ಬರಲಿ, ಯಾರಿಗೂ ಗೊತ್ತಾಗಬಾರದು.

"ಗೊತ್ತಾಗದ ಹಾಗೆ ಹೆಂಗಸರ ಫೋಟೋ ತೆಗೆಯುವವರನ್ನು ನಾವು ಪೊಲೀಸಿಗೆ ಹಿಡಿದುಕೊಡುವುದು ಅಣ್ಣ" ಎಂದಳು.

ಅವಳು ಕೇಳಿಯೇ ತೆಗೆದಳು. ದಿನವೂ ಒಂದೇ ರೈಲಿಗೆ ಬರುವ ಅವಳ ಗುಂಪಿಗೆ ಹೇಳಿದಳು, ನಮ್ಮಣ್ಣ ಪಿಕ್ಚರ್ ಮಾಡ್ತಾನೆ, ಬೇಡದವರು ಹೇಳಿ ಅಂತ. ಆ ತುಣುಕಿನಲ್ಲಿ ಏನೇನಿತ್ತು! ಠಾಣೆಯಲ್ಲಿ ಹತ್ತಿದವಳೊಬ್ಬಳು ಕೂತವರನ್ನೆಲ್ಲ ಎಲ್ಲಿ ಇಳಿಯುವುದೆಂದು ಕೇಳುತ್ತಾ ಹೋಗುತ್ತಾಳೆ. ಘಾಟ್ಕೋಪರ್ ಎಂದವಳ ಜಾಗ ಅಲ್ಲಿಗೆ ಅವಳಿಗೆ ನಿಕ್ಕಿ, ಆದರೆ ಆ ಜಾಗವನ್ನು ಆಗಲೇ ಇನ್ನೊಬ್ಬಳು ಕೇಳಿಟ್ಟಿದ್ದಾಳೆ, ಜಗಳ. ಮೂವರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಒಂದು ತೊಡೆಯಷ್ಟೇ ಊರಿ ಕೂತವಳು ಸಂಜೆಯ ಅಡುಗೆಗೆ ಮೆಂತ್ಯ ಸೊಪ್ಪು ಬಿಡಿಸುತ್ತಾ, ಮುರಿಯುತ್ತಿರುವ ಮದುವೆಯೊಂದರ ಕಥೆ ಹೇಳುತ್ತಾಳೆ. ಕೇಳುವವರು ಸೊಪ್ಪಿನ ಕಟ್ಟನ್ನು ತಮ್ಮೊಳಗೆ ಹಂಚಿಕೊಂಡು ಬಿಡಿಸುತ್ತಾ ಹೂಂಗುಡುತ್ತಾರೆ. ಕ್ಲಿಪ್ಪು ಮಾರುವ ಹುಡುಗಿ ಕ್ಯಾಮೆರಾದೊಳಗೇ ಮುಖ ಇಟ್ಟು "ಕಿತ್ನೇ ಮೇ ಬೇಚೋಗೆ?" ಎನ್ನುತ್ತಾಳೆ. ಒಬ್ಬಾಕೆ ಅಂಗೈಯನ್ನು ಲೆನ್ಸಿಗೆ ಒತ್ತಿ ಹಿಡಿಯುತ್ತಾಳೆ. ತೆರೆ ಕಪ್ಪಾಗುತ್ತದೆ, ಮಾತು ಮುಂದುವರಿಯುತ್ತದೆ.

ಎಲ್ಲರೂ ಕ್ಯಾಮೆರಾ ನೋಡಿದ್ದಾರೆ, ಫ್ರೇಮು ಅಲ್ಲಾಡುತ್ತದೆ, ಹಾಳು ಎಂದು ನಾನು ಗೊಣಗಿದೆ. ಆದರೂ ಬೇರೆ ಗತಿಯಿಲ್ಲದೆ ಒಂದೂವರೆ ನಿಮಿಷ ಉಳಿಸಿಕೊಂಡೆ. ಅದರ ಸದ್ದನ್ನು ತಗ್ಗಿಸಿ, ಅಡುಗೆಮನೆಯ ಶಾಟುಗಳ ಮೇಲೂ ಹರಿಯುವಂತೆ, ಇಂಟರ್ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಂಡ ತಂಬೂರಿಯ ಶ್ರುತಿ ಹಾಸಿದೆ. ಆ ತಂಬೂರಿಗೆ ಇವತ್ತಿಗೂ ಕ್ಷಮೆಯಿಲ್ಲ.

ತರಗತಿಯಲ್ಲಿ ಪ್ರದರ್ಶನವಿದ್ದ ದಿನ ತಂಗಿ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಚಿಕ್ಕಮ್ಮ ಬರಲಿಲ್ಲ, ಹಿಟ್ಟಿನ ಹೊತ್ತು. ಚಿತ್ರ ಮುಗಿದ ಮೇಲೆ ಸಂಕಲನ ಕಲಿಸುವ ಮೇಡಂ ಕೇಳಿದ ಮೊದಲ ಪ್ರಶ್ನೆ, ಈ ಅಮ್ಮನಿಗೆ ಮಾತು ಬರುವುದಿಲ್ಲವಾ? ಬರುತ್ತದೆ ಎಂದೆ. ಮತ್ತೆ ಯಾಕೆ ಆಡುವುದಿಲ್ಲ? ಅದಕ್ಕೆ ನನ್ನಲ್ಲಿ ಮೌನ, ಒಂಟಿತನ, ನಗರ ಎಂದೇನೋ ಸಿದ್ಧ ಉತ್ತರವಿತ್ತು, ಒಪ್ಪಿಸಿದೆ. ಅವರು ತಲೆಯಾಡಿಸಿ, ರೈಲಿನ ಭಾಗ ಮಾತ್ರ ಜೀವಂತ, ಅದನ್ನು ಯಾರು ತೆಗೆದದ್ದು ಎಂದರು.

"ನಾನೇ ಮೇಡಂ."

"ಲೇಡೀಸ್ ಡಬ್ಬದಲ್ಲಿ? ಪೀಕ್ ಅವರ್‌ನಲ್ಲಿ? ಏಟು ಬೀಳಲಿಲ್ವಾ?"

ತರಗತಿ ನಕ್ಕಿತು. ನಾನೂ ನಕ್ಕಂತೆ ಮಾಡಿದೆ. ಎರಡು ಸಾಲು ಹಿಂದೆ ತಂಗಿ ಕೂತಿದ್ದಾಳೆಂದು ಗೊತ್ತಿದ್ದೂ ಆ ಸುಳ್ಳು ನನ್ನ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತೆಂದು ಯೋಚಿಸಿದ್ದೇನೆ. ನನಗೆ ಅದು ಸುಳ್ಳೆಂದು ಅನ್ನಿಸಿರಲೇ ಇಲ್ಲ. ಐಡಿಯಾ ನನ್ನದು, ಫೋನು ನನ್ನದು, ಅವಳು ಬರೀ ಹಿಡಿದುಕೊಂಡಿದ್ದಳು. ಚಿಕ್ಕಮ್ಮ ಬರೀ ಹಿಟ್ಟು ಕಲಸಿದರು. ಈ 'ಬರೀ' ಎಂಬುದನ್ನು ತೆಗೆದುಹಾಕಿದರೆ ನನ್ನ ಚಿತ್ರದಲ್ಲಿ ನಾನು ಮಾಡಿದ ಕೆಲಸವೆಂದು ಉಳಿಯುವುದು ತಂಬೂರಿ.

ಕೊನೆಗೆ ನಿಜ ಹೇಳಬೇಕಾಯಿತು. ಚಿತ್ರವನ್ನು ವರ್ಷಾಂತ್ಯದ ಪ್ರದರ್ಶನದಿಂದ ಕೈಬಿಟ್ಟು, ಮುಂದಿನ ಅವಧಿಯಲ್ಲಿ ಹೊಸದಾಗಿ ಮಾಡಿ ತಾ ಎಂದರು. ನನ್ನ ಡಿಪ್ಲೊಮಾ ಅಲ್ಲಿಗೆ ನಿಂತಿತು. ವಾಪಸು ಬರುವಾಗ ದಾದರಿನ ಪ್ಲಾಟ್‌ಫಾರ್ಮಿನಲ್ಲಿ ತಂಗಿ ಒಂದೇ ಮಾತು ಕೇಳಿದಳು: "ವಿಶೇಷ ಧನ್ಯವಾದ ಅಂದರೆ ಎಷ್ಟು ರೂಪಾಯಿ ಅಣ್ಣ?" ರೈಲು ಬಂತು. ಅವಳು ಅವಳ ಡಬ್ಬಕ್ಕೆ ಹೋದಳು, ನಾನು ನನ್ನದಕ್ಕೆ.

ಸೋತ ಮೇಲೆ ಮೊದಲು ನೋಡಿದ್ದ ಚಿತ್ರಗಳನ್ನೇ ಮತ್ತೆ ನೋಡಿದೆ, ಈ ಸಲ ಬೇರೆಯೇ ಕಾಣಿಸಿತು. 'ದ ಲಂಚ್‌ಬಾಕ್ಸ್'ನಲ್ಲಿ (2013) ಇಳಾ ಅಡುಗೆ ಮಾಡುವಾಗ ಮೇಲಿನ ಮಜಲಿನ ದೇಶಪಾಂಡೆ ಆಂಟಿಯೊಡನೆ ಕಿಟಕಿಯಲ್ಲೇ ಮಾತಾಡುತ್ತಾಳೆ. ಆಂಟಿಯ ಮುಖ ನಾವು ನೋಡುವುದೇ ಇಲ್ಲ. ಭಾರತಿ ಆಚ್ರೇಕರ್ ಅವರ ದನಿ ಮಾತ್ರ, ಬುಟ್ಟಿಯಲ್ಲಿ ಇಳಿದುಬರುವ ಮಸಾಲೆ ಮಾತ್ರ. ಆ ದನಿ ತೆಗೆದರೆ ಇಳಾಳ ಮನೆ ನನ್ನ ಅಡುಗೆಮನೆಯ ಹಾಗೆ ಸೆಟ್ಟಾಗಿಬಿಡುತ್ತದೆ. ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' 2024ರಲ್ಲಿ ಕಾನ್ ಉತ್ಸವದಲ್ಲಿ ಗ್ರ್ಯಾಂಡ್ ಪ್ರೀ ಗೆದ್ದಿತು. ಅದು ತೆರೆದುಕೊಳ್ಳುವುದೇ ಮುಂಬಯಿಗೆ ಬಂದು ಬಿದ್ದವರ ಹೆಸರಿಲ್ಲದ ದನಿಗಳಿಂದ, ಹಲವು ಭಾಷೆಗಳಲ್ಲಿ. ಅದರಲ್ಲಿನ ಪ್ರಭಾ ಎಂಬ ಮಲಯಾಳಿ ನರ್ಸ್ ಗಂಡ ಇರುವ ದೇಶದಿಂದ ಬಂದಿಳಿದ ರೈಸ್ ಕುಕ್ಕರನ್ನು ಅಡುಗೆಮನೆಯ ನೆಲದಲ್ಲಿ ಕೂತು ಅಪ್ಪಿಕೊಳ್ಳುತ್ತಾಳೆ. ಆಸ್ಪತ್ರೆಯ ಅಡುಗೆಯವಳಾದ ಪಾರ್ವತಿಗೆ, ವರ್ಷಗಟ್ಟಲೆ ಇದ್ದ ಮನೆಗೆ ಕಾಗದಪತ್ರವಿಲ್ಲ. ಗಿರಣಿಗಳಿದ್ದ ಜಾಗದಲ್ಲಿ ಗೋಪುರ ಏಳುತ್ತಿರುವ ಊರಿನಲ್ಲಿ ಕಾಗದವಿಲ್ಲದವಳು ಇದ್ದಳು ಎನ್ನುವುದಕ್ಕೇ ಸಾಕ್ಷಿಯಿಲ್ಲ. ಟೈಟಲ್ ಕಾರ್ಡಿನಲ್ಲಿ ಹೆಸರಿಲ್ಲದವಳ ಕಥೆಯೂ ಅದಕ್ಕೆ ದೂರದ ನೆಂಟಸ್ತಿಕೆಯೆಂದು ನನಗೆ ತೋರಿತು, ಅತಿಯಾಯಿತೇನೋ.

'ಜಾನ್ ಡೀಲ್‌ಮನ್'ನ ಮೌನವನ್ನೂ ನಾನು ತಪ್ಪಾಗಿ ಓದಿದ್ದೆ. ಆ ಚಿತ್ರೀಕರಣದ ಹೊತ್ತಿನಲ್ಲಿ ನಟ ಸಾಮಿ ಫ್ರೇ ವಿಡಿಯೋದಲ್ಲಿ ಹಿಡಿದಿಟ್ಟ ದೃಶ್ಯಗಳಿವೆ. ಅದರಲ್ಲಿ ನಾಯಕಿ ಡೆಲ್ಫೀನ್ ಸೇರಿಗ್ ಸುಮ್ಮನಿರುವುದೇ ಇಲ್ಲ. ಇದನ್ನು ಹೀಗೇಕೆ ಮಾಡಬೇಕು, ಇಷ್ಟು ನಿಧಾನ ಏಕೆ, ಅವಳು ಆಗ ಏನು ಯೋಚಿಸುತ್ತಾಳೆ ಎಂದು ನಿರ್ದೇಶಕಿಯನ್ನು ಕೇಳುತ್ತಲೇ ಇರುತ್ತಾಳೆ, ವಾದಿಸುತ್ತಾಳೆ. ಕ್ಯಾಮೆರಾ ಬಾಬೆಟ್ ಮಾಂಗೋಲ್ಟ್‌ಳದು, ಸುತ್ತಲಿನ ತಂಡದಲ್ಲೂ ಬಹಳ ಮಂದಿ ಹೆಂಗಸರೇ. ತೆರೆಯ ಮೇಲಿನ ಆ ಮೌನ ಅಷ್ಟೊಂದು ಮಾತಾಡಿ ಕಟ್ಟಿದ್ದು. ನಾನು ಮಾತನ್ನು ಕತ್ತರಿಸಿ ಮೌನವನ್ನು ತೆಗೆಯಲು ಹೋಗಿದ್ದೆ.

ಇನ್ನೂ ಹತ್ತಿರದ ಉದಾಹರಣೆ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯದು. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಹಾಗೂ ಛಾಯಾಗ್ರಾಹಕ ನವರೋಜ್ ಕಂಟ್ರಾಕ್ಟರ್ ಸೇರಿ 'ಯುಗಾಂತರ' ಎಂಬ ತಂಡ ಕಟ್ಟಿದರು. ಮೊದಲು ಪುಣೆಯ ಮನೆಗೆಲಸದವರ ಬಗ್ಗೆ 'ಮೋಲಕರೀಣ್', ಆಮೇಲೆ 1982ರಲ್ಲಿ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರ ಬಗ್ಗೆ 'ತಂಬಾಕು ಚಾಕಿಲಾ ಊಬ್ ಆಲಿ'. ತಿಂಗಳುಗಟ್ಟಲೆ ಆ ಹೆಂಗಸರ ಜೊತೆ ಇದ್ದು, ಯಾವುದನ್ನು ತೋರಿಸಬೇಕು, ಹೇಗೆ ಹೇಳಬೇಕು ಎಂದು ಅವರೊಡನೆ ಕೂತು ತೀರ್ಮಾನಿಸಿ ಮಾಡಿದ ಚಿತ್ರ ಅದು. ತಂಬಾಕಿನ ಧೂಳು ಮೆತ್ತಿದ ಹೆಂಗಸರು ಅದರಲ್ಲಿ ಕೂಲಿಯ ಲೆಕ್ಕ ಹೇಳುತ್ತಾರೆ, ಸಂಘ ಕಟ್ಟಿದ್ದು ಹೇಗೆಂದು ಹೇಳುತ್ತಾರೆ. ನೋಡಿ ಮರುಗಲು ಪುರುಸೊತ್ತೇ ಕೊಡುವುದಿಲ್ಲ. ನನಗೆ ಅದನ್ನು ತೋರಿಸಿದವರು ಅದೇ ಮೇಡಂ, ನಪಾಸು ಮಾಡಿದ ಮರುವಾರ.

ಹೊಸ ಚಿತ್ರಕ್ಕೆ ಮತ್ತೆ ಚಿಕ್ಕಮ್ಮನನ್ನೇ ಕೇಳಿದೆ. ಈ ಸಲ ಅವರು ಯೋಚಿಸಿ ಹೇಳುತ್ತೇನೆಂದರು. ಯೋಚಿಸಿದ್ದು ಅವರು, ಷರತ್ತು ಬರೆದದ್ದು ತಂಗಿ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ. ಕ್ಯಾಮೆರಾ ತಂಗಿಯದು, ಹೆಸರೂ ಅವಳದು. ಶನಿವಾರ ಶೂಟಿಂಗ್ ಇಲ್ಲ. ಗ್ರೈಂಡರು, ಫ್ರಿಜ್ಜು, ಫ್ಯಾನು ಯಾವುದನ್ನೂ ಆರಿಸುವಂತಿಲ್ಲ. ನೈಟಿಯಲ್ಲೇ, ಆದರೆ ಹೊಸ ನೈಟಿ, ಅದರ ಖರ್ಚು ನನ್ನದು. ಹಿಂದಿನ ಸಲ ಹುಳಿ ಬಂದ ಹಿಟ್ಟಿನ ಬಾಬ್ತು ಮೊದಲು ತೀರಿಸಬೇಕು. ಮತ್ತೆ, ಶೂಟಿಂಗ್ ಇರುವ ದಿನ ಚಿಕ್ಕಮ್ಮ ಮಾತಾಡುತ್ತಾ ಕೂತರೆ ಹಿಟ್ಟು ಕಡೆಯುವವರು ಯಾರು? ನಾನು.

ಒಪ್ಪಿಕೊಂಡೆ. ಮೊದಲ ದಿನ ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು, ಮದುವೆಯಾಗಿ ಮೊದಲ ಸಲ ಡೊಂಬಿವಲಿಗೆ ಬಂದಾಗ ಬಸ್ಸಿನಿಂದ ಇಳಿಯಲಿಕ್ಕೇ ಒಪ್ಪದೆ ಹಟ ಹಿಡಿದ ಕಥೆ ಹೇಳಿದರು. ನನಗೆ ಗೊತ್ತೇ ಇರದ ಕಥೆ. ನಡುನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿ "ನೀರು ಹೆಚ್ಚಾಯ್ತು ಮಾರಾಯ, ಉದ್ದು ಇನ್ನೂ ನುಣ್ಣಗಾಗಬೇಕು" ಎಂದು ಗದರಿದರು. ತಂಗಿ ಅದನ್ನೂ ಹಿಡಿದಳು, ನನ್ನ ಬೆವರಿದ ಮುಖವನ್ನೂ ಹಿಡಿದಳು. ಅದನ್ನು ಚಿತ್ರದಲ್ಲಿ ಇಡಬೇಕೋ ಬೇಡವೋ ಎಂದು ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ. ನಾಲ್ಕನೇ ಮಜಲಿನ ಕುಲಕರ್ಣಿ ವಹಿನಿಯ ಫೋನು ಮಾತ್ರ ಮರುದಿನ ಬೆಳಗ್ಗೆಯೇ ಬಂತು. ಇಡ್ಲಿ ಕಲ್ಲಿನ ಹಾಗಾಗಿದೆ, ಹಿಟ್ಟು ಯಾರು ಮಾಡಿದ್ದು ಎಂದು ಕೇಳಿದರು. ಚಿಕ್ಕಮ್ಮ ಸ್ಪೀಕರ್ ಆನ್ ಮಾಡಿ ಫೋನನ್ನು ನನ್ನ ಕೈಗೆ ಕೊಟ್ಟರು.